ಬ್ಯಾಂಕ್ ಖಾತೆಗೆ ಬಂದದ್ದಷ್ಟೇ ಲಾಭ: ಕ್ರಿಪ್ಟೊ ಕೊಳ್ಳುವವರಿಗೆ ಹದಿನಾರು ಸೂತ್ರಗಳು

ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲಿನಲ್ಲೂ ಹುಬ್ಬಳ್ಳಿಯ ಮೊಬೈಲ್ ಅಂಗಡಿಯಲ್ಲೂ ಈಗ ಬಿಟ್‌ಕಾಯಿನ್ ದರ ವಿಚಾರಿಸುವವರಿದ್ದಾರೆ. ಆ್ಯಪ್ ತೆರೆದಾಗ ಅಂಕಿ ಹಸಿರಾಗಿದ್ದರೆ ಗೆದ್ದೆವು ಎಂದುಕೊಳ್ಳುತ್ತಾರೆ. ಆ ಹಸಿರು ಅಂಕಿಯಿಂದ ತೆರಿಗೆ ಹೋಗಬೇಕು, ಶುಲ್ಕ ಹೋಗಬೇಕು. ನಾಣ್ಯ ಕೊಂಡು ಮಾರುವ ವೇದಿಕೆಯಾದ ಎಕ್ಸ್‌ಚೇಂಜ್ ಹಣ ವಾಪಸ್ ಕೊಡುವ ಸ್ಥಿತಿಯಲ್ಲಿರಬೇಕು, ನಿಮ್ಮ ಬ್ಯಾಂಕ್ ಖಾತೆಗೆ ಯಾವ ತಡೆಯೂ ಬಿದ್ದಿರಬಾರದು. ಇಷ್ಟೂ ದಾಟಿ ಕೈಗೆ ಬಂದ ಮೊತ್ತಕ್ಕೆ ಮಾತ್ರ ಲಾಭ ಎಂಬ ಹೆಸರು ಸಲ್ಲುತ್ತದೆ. ನಮ್ಮ ದೇಶದ ಈಗಿನ ನಿಯಮಗಳ ಕೆಳಗೆ ಕ್ರಿಪ್ಟೊದಲ್ಲಿ ಉಳಿದುಕೊಳ್ಳುವವರು ದರ ಊಹಿಸುವ ಜಾಣರಿಗಿಂತ ಹೆಚ್ಚಾಗಿ ಲೆಕ್ಕ ಇಡುವ ಶಿಸ್ತಿನವರು. ಕೆಳಗಿನ ಮಾತುಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ.

1. ಕಾನೂನು ಎಲ್ಲಿ ನಿಂತಿದೆ ಎಂದು ಮೊದಲು ತಿಳಿಯಿರಿ

ಕ್ರಿಪ್ಟೊಗೆ ಭಾರತದಲ್ಲಿ ನಿಷೇಧವಿಲ್ಲ. ಅಧಿಕೃತ ಹಣದ ಸ್ಥಾನವೂ ಇಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರ ನಡೆಸುವವರಿಗೆ ಬ್ಯಾಂಕುಗಳು ಸೇವೆ ಕೊಡಕೂಡದು ಎಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಇಟ್ಟಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದುಮಾಡಿತು. 2022ರ ಬಜೆಟ್ ಇದಕ್ಕೆ ‘ವರ್ಚುವಲ್ ಡಿಜಿಟಲ್ ಆಸ್ತಿ’ ಎಂದು ಹೆಸರಿಟ್ಟು ತೆರಿಗೆ ಹಾಕಿತು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊವನ್ನು ಆಸ್ತಿ ಎಂದೇ ಪರಿಗಣಿಸಿತು.

ಹಾಗಾದರೆ ಕೊಳ್ಳಬಹುದು, ಇಟ್ಟುಕೊಳ್ಳಬಹುದು, ಮಾರಬಹುದು. ಮುಳುಗಿದರೆ ಕೇಳುವವರು ಮಾತ್ರ ಇಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಎಕ್ಸ್‌ಚೇಂಜ್ ಮುಳುಗಿದರೆ ಅಂಥ ವಿಮೆ ಯಾವುದೂ ನಿಮ್ಮ ಹಿಂದಿಲ್ಲ. ಉಳಿದ ಎಲ್ಲ ತೀರ್ಮಾನಕ್ಕೂ ಇದೇ ತಳಹದಿ.

2. ದಿನದ ಖರ್ಚಿಗೆ ಯುಪಿಐ ಇರಲಿ

ಕಾಫಿ ಕುಡಿಯಲು, ಕರೆಂಟ್ ಬಿಲ್ ಕಟ್ಟಲು ಬಿಟ್‌ಕಾಯಿನ್ ಬಳಸಬೇಕೆಂಬ ಆಸೆ ಕೆಲವರಿಗಿದೆ. ಬೇಡ. ನಾಣ್ಯ ಕೊಟ್ಟು ಸಾಮಾನು ಕೊಂಡರೂ ತೆರಿಗೆಯ ಕಣ್ಣಿಗೆ ಅದು ನಾಣ್ಯದ ವರ್ಗಾವಣೆ. ಕೊಂಡ ಬೆಲೆಗಿಂತ ಆ ಹೊತ್ತಿನ ಬೆಲೆ ಹೆಚ್ಚಿದ್ದರೆ ಆ ವ್ಯತ್ಯಾಸಕ್ಕೆ ತೆರಿಗೆ ಬರುತ್ತದೆ. ಒಂದು ದೋಸೆಗೆ ಒಂದು ತೆರಿಗೆ ಲೆಕ್ಕ ಬರೆಯುವುದು ಯಾರಿಗೆ ಸಾಧ್ಯ?

ಇಡೀ ದೇಶವೇ ಈ ಪ್ರಯೋಗ ಮಾಡಿದ ಉದಾಹರಣೆ ಎಲ್ ಸಾಲ್ವಡಾರ್. 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್‌ಗೆ ಅಲ್ಲಿ ಅಧಿಕೃತ ಹಣದ ಸ್ಥಾನ ಸಿಕ್ಕಿತು. ಅಂಗಡಿಯವರು ಅದನ್ನು ಪಡೆಯಲೇಬೇಕೆಂಬ ನಿಯಮವೂ ಬಂತು. ಆದರೂ ಜನ ಡಾಲರ್ ಬಿಡಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಷರತ್ತಿಗೆ ಒಪ್ಪಿ 2025ರ ಜನವರಿಯಲ್ಲಿ ಆ ಕಡ್ಡಾಯವನ್ನು ಅಲ್ಲಿನ ಸಂಸತ್ತೇ ತೆಗೆದುಹಾಕಿತು. ಬೆಳಿಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು ಬೆಲೆ ಇರುವ ವಸ್ತುವಿನಲ್ಲಿ ಸಂಬಳ ಪಡೆಯಲು, ಬಾಡಿಗೆ ಕಟ್ಟಲು ಯಾವ ಊರಿನ ಜನರೂ ಒಪ್ಪುವುದಿಲ್ಲ.

ಡಿಜಿಟಲ್ ನಾಣ್ಯ ಬಳಸಿ ನೋಡುವ ಕುತೂಹಲವಿದ್ದರೆ ರಿಸರ್ವ್ ಬ್ಯಾಂಕಿನ ಇ-ರೂಪಾಯಿ ಇದೆ. 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗೆ ಪ್ರಾಯೋಗಿಕವಾಗಿ ಅದು ಸಿಕ್ಕ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಅದರ ಬೆಲೆ ರೂಪಾಯಿಯ ಬೆಲೆಯೇ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

3. ಸಾಲದ ಹಣ ಹಾಕಬೇಡಿ

ಇದಕ್ಕೆ ವಿನಾಯಿತಿ ಇಲ್ಲ. ಚಿನ್ನ ಅಡವಿಟ್ಟ ಹಣ, ಚೀಟಿ ಎತ್ತಿದ ಹಣ, ಸಾಲದ ಆ್ಯಪಿನ ಹಣ, ಮಗಳ ಫೀಸಿಗೆ ಇಟ್ಟ ಹಣ, ಯಾವುದೂ ಇಲ್ಲಿಗೆ ಬರಬಾರದು. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಇದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000 ಡಾಲರಿನ ಆಸುಪಾಸಿಗೆ ಇಳಿಯಿತು. ನಾಲ್ಕರಲ್ಲಿ ಮೂರು ಪಾಲು ಹೋಯಿತು. ತಾಳ್ಮೆಯಿಂದ ಇಟ್ಟುಕೊಂಡವರಿಗೆ 2024ರ ಡಿಸೆಂಬರ್‌ನಲ್ಲಿ ಅದೇ ನಾಣ್ಯ ಒಂದು ಲಕ್ಷ ಡಾಲರ್ ದಾಟಿದ್ದು ಕಂಡಿತು. ಸಾಲ ಮಾಡಿದವರಿಗೆ ಮಾತ್ರ ಅಷ್ಟು ಕಾಲ ಕಾಯುವ ಅವಕಾಶ ಇರಲಿಲ್ಲ. ಬಡ್ಡಿಯವನು ತಳದಲ್ಲೇ ಮಾರಿಸಿದ.

ಎಲ್ಲ ನಾಣ್ಯವೂ ಮೇಲೇಳುತ್ತದೆ ಎಂಬ ಖಾತರಿಯೂ ಇಲ್ಲ. ಸದಾ ಒಂದು ಡಾಲರ್ ಬೆಲೆಯಲ್ಲೇ ಇರುತ್ತದೆ ಎಂದು ಮಾರಿದ್ದ ಟೆರಾ ಮತ್ತು ಅದರ ಜೋಡಿ ಲೂನಾ 2022ರ ಮೇ ತಿಂಗಳಿನಲ್ಲಿ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಬಿದ್ದವು. ಪೂರ್ತಿ ಹೋದರೂ ಮನೆ ನಡೆಯುವಷ್ಟು ಮಾತ್ರ ಹಾಕಿ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿಲ್ಲದವರು, ಆರೋಗ್ಯ ವಿಮೆ ಮಾಡಿಸದವರು ಈ ಕಡೆ ತಲೆ ಹಾಕುವುದೇ ತಪ್ಪು.

4. ತೆರಿಗೆಯ ಲೆಕ್ಕ ಬಾಯಿಪಾಠ ಮಾಡಿ

2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ತೆರಿಗೆ ಶೇ 30. ಅದರ ಮೇಲೆ ಶೇ 4ರಷ್ಟು ಸೆಸ್. ಒಂದು ಲಕ್ಷಕ್ಕೆ ಕೊಂಡು ಒಂದೂವರೆ ಲಕ್ಷಕ್ಕೆ ಮಾರಿದರೆ ಲಾಭ 50,000. ತೆರಿಗೆ 15,000, ಸೆಸ್ 600, ಒಟ್ಟು 15,600 ರೂಪಾಯಿ. ಕಳೆಯಲು ಅವಕಾಶ ಇರುವುದು ಕೊಂಡ ಬೆಲೆ ಒಂದನ್ನೇ. ಇಂಟರ್ನೆಟ್ ಬಿಲ್, ಸಾಲದ ಬಡ್ಡಿ, ಕಲಿಯಲು ಸೇರಿದ ಕೋರ್ಸಿನ ಫೀ, ಮೈನಿಂಗ್ ಯಂತ್ರ, ಅದಕ್ಕೆ ಸುಟ್ಟ ವಿದ್ಯುತ್ತು, ಯಾವುದೂ ಲೆಕ್ಕಕ್ಕಿಲ್ಲ.

ಷೇರಿನಲ್ಲಿ ಒಂದು ವರ್ಷ ಮೀರಿ ಇಟ್ಟುಕೊಂಡರೆ ತೆರಿಗೆ ಕಡಿಮೆ. ಕ್ರಿಪ್ಟೊದಲ್ಲಿ ಒಂದು ದಿನಕ್ಕೂ ಹತ್ತು ವರ್ಷಕ್ಕೂ ಒಂದೇ ದರ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ, ನನ್ನ ಸಂಬಳ 8 ಲಕ್ಷ, ಆದ್ದರಿಂದ ಕ್ರಿಪ್ಟೊ ಲಾಭಕ್ಕೂ ಇಲ್ಲ ಎನ್ನುತ್ತಾರೆ. ಆ ರಿಯಾಯಿತಿ ಕ್ರಿಪ್ಟೊದಂಥ ವಿಶೇಷ ದರದ ಆದಾಯಕ್ಕೆ ಅನ್ವಯಿಸುವುದಿಲ್ಲ. ಬೇರೆ ಆದಾಯವೇ ಇಲ್ಲದ ಕಾಲೇಜು ಹುಡುಗನಿಗೆ 20,000 ಲಾಭ ಬಂದರೂ ಅವನು 6,240 ರೂಪಾಯಿ ಕಟ್ಟಬೇಕು. ವರ್ಷದ ಒಟ್ಟು ತೆರಿಗೆ ಬಾಕಿ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆಯ ಕಂತುಗಳೂ ಇವೆ: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೇ ತಾರೀಖು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ಶೇ 30 ಬದಲಾಗಿಲ್ಲ.

5. ಮಾರಾಟದ ಸಂಖ್ಯೆ ತಗ್ಗಿಸಿ

ಇಡೀ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಕ್ರಿಪ್ಟೊ ನಷ್ಟವನ್ನು ಇನ್ನೊಂದು ಕ್ರಿಪ್ಟೊ ಲಾಭದ ಎದುರು ಕಳೆಯುವಂತಿಲ್ಲ. ಸಂಬಳದ ಎದುರಿಗೂ ಇಲ್ಲ, ಷೇರಿನ ಎದುರಿಗೂ ಇಲ್ಲ. ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಓದಲು ಸಣ್ಣ ವಾಕ್ಯ. ಪರಿಣಾಮ ಏನೆಂದು ಕಾಗದದ ಮೇಲೆ ಬರೆದು ನೋಡೋಣ.

ಒಬ್ಬರು ವರ್ಷದಲ್ಲಿ ಹತ್ತು ಸಲ ಕೊಂಡು ಮಾರಿದರು ಎನ್ನಿ. ಆರು ಸಲ ತಲಾ 10,000 ಲಾಭ, ನಾಲ್ಕು ಸಲ ತಲಾ 10,000 ನಷ್ಟ. ಹತ್ತರಲ್ಲಿ ಆರು ಸಲ ಗೆಲ್ಲುವುದೆಂದರೆ ಒಳ್ಳೆಯ ಆಟಗಾರ. ಅವರ ಕೈಯಲ್ಲಿ ಉಳಿದದ್ದು 20,000. ಆದರೆ ಇಲಾಖೆ ನೋಡುವುದು ಲಾಭದ 60,000 ಮಾತ್ರ. ಅದಕ್ಕೆ ಶೇ 30 ಎಂದರೆ 18,000, ಸೆಸ್ 720, ಒಟ್ಟು 18,720. ಇಪ್ಪತ್ತು ಸಾವಿರದಲ್ಲಿ ಉಳಿಯಿತು 1,280 ರೂಪಾಯಿ. ಇದರಿಂದ ಎಕ್ಸ್‌ಚೇಂಜ್ ಶುಲ್ಕ, ಆ ಶುಲ್ಕದ ಮೇಲಿನ ಶೇ 18 ಜಿಎಸ್‌ಟಿ ಹೋದರೆ ವರ್ಷದ ದುಡಿಮೆ ಸೊನ್ನೆಯ ಕೆಳಗೆ ಇಳಿಯಲೂಬಹುದು. ಹತ್ತರಲ್ಲಿ ಐದು ಗೆದ್ದು ಐದು ಸೋತಿದ್ದರೆ? ಲಾಭ ಸೊನ್ನೆ, ತೆರಿಗೆ 15,600. ಗಳಿಸದ ಹಣಕ್ಕೆ ಮನೆಯಿಂದ ತೆರಿಗೆ ತಂದು ಕಟ್ಟಬೇಕು.

ಈ ನಿಯಮ ನ್ಯಾಯವಲ್ಲ ಎಂದೇ ನಾನು ಹೇಳುತ್ತೇನೆ. ಷೇರು ವ್ಯಾಪಾರಿಗೆ ಕೊಟ್ಟ ನಷ್ಟದ ಅವಕಾಶವನ್ನು ಕ್ರಿಪ್ಟೊದವನಿಗೆ ನಿರಾಕರಿಸಲು ಸಮಂಜಸ ಕಾರಣವಿಲ್ಲ. ಇದನ್ನು ಸಡಿಲಿಸಿ ಎಂದು ಉದ್ಯಮ ಪ್ರತಿ ಬಜೆಟ್‌ಗೂ ಮೊದಲು ಕೇಳುತ್ತಲೇ ಇದೆ. ಆದರೆ ಸಡಿಲವಾಗುವವರೆಗೆ ನಾವು ಬದುಕಬೇಕಾದದ್ದು ಇದರ ಕೆಳಗೆ. ದಿನಕ್ಕೆ ನಾಲ್ಕು ಸಲ ಕೊಂಡು ಮಾರುವುದನ್ನು ಕಲಿಸುವ ಯೂಟ್ಯೂಬ್ ಪಾಠಗಳಲ್ಲಿ ಹೆಚ್ಚಿನವು ಬೇರೆ ದೇಶದ ತೆರಿಗೆ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಭಾರತದಲ್ಲಿ ಕ್ರಿಪ್ಟೊ ಕೊಳ್ಳುವುದಾದರೆ ವರ್ಷಗಟ್ಟಲೆ ಇಟ್ಟುಕೊಳ್ಳುವ ಮನಸ್ಸಿನಿಂದ ಕೊಳ್ಳಿ. ಎರಡೇ ಎರಡು ನಾಣ್ಯ ಸಾಕು. ತಿಂಗಳಿಗಿಷ್ಟು ಎಂದು ಸಣ್ಣ ಮೊತ್ತ ಹಾಕಿ, ಮಾರುವುದನ್ನು ಅಪರೂಪವಾಗಿಸಿ.

6. ಟಿಡಿಎಸ್ ಕಂಡು ತೆರಿಗೆ ಮುಗಿಯಿತು ಎನ್ನಬೇಡಿ

2022ರ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿಯುತ್ತಾರೆ. ಲಾಭವಿರಲಿ ನಷ್ಟವಿರಲಿ, ಹಿಡಿಯುವುದು ಹಿಡಿದದ್ದೇ. ಅದು ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗಿ 26ಎಎಸ್ ಪಟ್ಟಿಯಲ್ಲಿ ಕಾಣುತ್ತದೆ. ಕೊನೆಯ ತೆರಿಗೆಯಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ರಿಟರ್ನ್ ಹಾಕದವರ ಹಣ ಅಲ್ಲೇ ಉಳಿಯುತ್ತದೆ.

ಪದೇಪದೇ ಮಾರುವವರಿಗೆ ಇದೂ ಒಂದು ಹೊಡೆತ. ಒಂದು ಲಕ್ಷವನ್ನು ಇಪ್ಪತ್ತು ಸಲ ಪೂರ್ತಿ ಕೊಂಡು ಮಾರಿದರೆ, ಬೆಲೆ ಒಂದಿಷ್ಟೂ ಅಲುಗದಿದ್ದರೂ ಸುಮಾರು 18,000 ರೂಪಾಯಿ ಟಿಡಿಎಸ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

7. ನಾಣ್ಯಕ್ಕೆ ನಾಣ್ಯ ಬದಲಿಸಿದರೂ ಮಾರಾಟವೇ

ಬಿಟ್‌ಕಾಯಿನ್ ಕೊಟ್ಟು ಈಥರ್ ತೆಗೆದುಕೊಂಡಿರಿ; ರೂಪಾಯಿ ಕೈಗೆ ಬರಲಿಲ್ಲ. ಆದರೂ ಬಿಟ್‌ಕಾಯಿನ್ ಮಾರಿದ ಹಾಗೆ, ಈಥರ್ ಕೊಂಡ ಹಾಗೆ. ತೆರಿಗೆ ರೂಪಾಯಿಯಲ್ಲೇ ಕಟ್ಟಬೇಕು. ಬದಲಿಸಿದ ಮೇಲೆ ಈಥರ್ ಬಿದ್ದರೆ ತೆರಿಗೆ ಕಟ್ಟಲೂ ಹಣ ಸಾಲದೆ ಹೋಗಬಹುದು. ಬದಲಾಯಿಸಿದ ದಿನವೇ ಆ ತೆರಿಗೆಯಷ್ಟು ರೂಪಾಯಿ ಬೇರೆ ಖಾತೆಯಲ್ಲಿ ಎತ್ತಿಡಿ.

ನಾಣ್ಯವನ್ನು ಜಾಲದಲ್ಲಿ ಕಟ್ಟಿಟ್ಟದ್ದಕ್ಕೆ ಸಿಗುವ ಸ್ಟೇಕಿಂಗ್ ಪ್ರತಿಫಲ, ಪುಕ್ಕಟೆ ಹಂಚುವ ಏರ್‌ಡ್ರಾಪ್ ಬಂದರೆ ಬಂದ ದಿನಾಂಕ, ಆ ಹೊತ್ತಿನ ರೂಪಾಯಿ ಬೆಲೆ ಬರೆದಿಟ್ಟುಕೊಂಡು ಸಿಎ ಬಳಿ ಕೇಳಿ. ಗೆಳೆಯರು ಕೊಟ್ಟ ಕ್ರಿಪ್ಟೊ ಉಡುಗೊರೆ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಪಡೆದವರಿಗೆ ತೆರಿಗೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಗಂಡ, ಹೆಂಡತಿ ಕೊಟ್ಟದ್ದಕ್ಕೆ ಇಲ್ಲ.

8. ಎಕ್ಸ್‌ಚೇಂಜ್ ಎಲ್ಲಿ ನೋಂದಣಿಯಾಗಿದೆ ನೋಡಿ

2023ರ ಮಾರ್ಚ್‌ನಲ್ಲಿ ಕ್ರಿಪ್ಟೊ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದರು. ಅಂದಿನಿಂದ ಅವು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಲೇಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೈನಾನ್ಸ್ ಸೇರಿ ಒಂಬತ್ತು ವಿದೇಶಿ ಸಂಸ್ಥೆಗಳಿಗೆ ನೋಟಿಸ್ ಹೋಯಿತು, ಬಳಿಕ ಅವುಗಳ ಆ್ಯಪ್‌ಗಳು ಇಲ್ಲಿ ಮುಚ್ಚಿದವು. 2024ರ ಜೂನ್‌ನಲ್ಲಿ ಬೈನಾನ್ಸ್‌ಗೆ 18.82 ಕೋಟಿ ರೂಪಾಯಿ ದಂಡ ಬಿತ್ತು. ವಿಪಿಎನ್ ಹಾಕಿ ನೋಂದಣಿಯಿಲ್ಲದ ಕಡೆ ವ್ಯಾಪಾರ ಮಾಡಿದರೆ ಟಿಡಿಎಸ್ ತಪ್ಪುತ್ತದೆ ಎಂದು ಹೇಳಿಕೊಡುವವರಿದ್ದಾರೆ. ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಬಡ್ಡಿ ಸಮೇತ ಬರುತ್ತದೆ. ಒಂದು ಎಚ್ಚರಿಕೆಯೂ ಇರಲಿ: ನೋಂದಣಿ ಎಂದರೆ ಸಂಸ್ಥೆ ನಿಮ್ಮ ಗುರುತಿನ ದಾಖಲೆ ಇಡುತ್ತದೆ, ಅನುಮಾನಾಸ್ಪದ ವ್ಯವಹಾರವನ್ನು ವರದಿ ಮಾಡುತ್ತದೆ ಎಂದಷ್ಟೇ. ನಿಮ್ಮ ಹಣಕ್ಕೆ ಅದು ಖಾತರಿ ಕೊಡುವುದಿಲ್ಲ.

9. ಎಕ್ಸ್‌ಚೇಂಜ್‌ನಲ್ಲಿ ಉಳಿತಾಯ ಇಡಬೇಡಿ

2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 2,000 ಕೋಟಿ ರೂಪಾಯಿ ಮೌಲ್ಯದ ನಾಣ್ಯಗಳು ಕಳವಾದವು. ಕದ್ದವರು ಉತ್ತರ ಕೊರಿಯಾದವರು ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ಗ್ರಾಹಕರ ಪಾಲಿಗೆ ಬಾಗಿಲು ಮುಚ್ಚಿತು. ಸಿಂಗಪುರದ ನ್ಯಾಯಾಲಯ ಪುನರ್‌ರಚನೆಯ ಯೋಜನೆಗೆ ಒಪ್ಪಿಗೆ ಕೊಟ್ಟು ವ್ಯಾಪಾರ ಮತ್ತೆ ಶುರುವಾಗಿದ್ದು 2025ರ ಅಕ್ಟೋಬರ್‌ನಲ್ಲಿ. ಹದಿನೈದು ತಿಂಗಳು ದರ ಏರಿದ್ದನ್ನು ಕಣ್ಣಾರೆ ಕಂಡೂ ಅವರಿಂದ ಒಂದು ನಾಣ್ಯವನ್ನೂ ಮಾರಲಾಗಲಿಲ್ಲ.

ಮರುವರ್ಷ, 2025ರ ಜುಲೈ 19ರಂದು, ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ನ ಸರದಿ. ಸುಮಾರು 4.4 ಕೋಟಿ ಡಾಲರ್, ಅಂದರೆ 378 ಕೋಟಿ ರೂಪಾಯಿ ಹೋಯಿತು. ತನಿಖೆ ನಡೆಸಿದ ಬೆಂಗಳೂರು ಪೊಲೀಸರು ಸಂಸ್ಥೆಯ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಅಲ್ಲಿ ಕಳವಾದದ್ದು ಸಂಸ್ಥೆಯದೇ ಖಾತೆಯ ಹಣ. ನಷ್ಟವನ್ನು ತಾನೇ ಹೊರುವುದಾಗಿ, ಗ್ರಾಹಕರ ನಾಣ್ಯ ಸುರಕ್ಷಿತವೆಂದು ಸಂಸ್ಥೆ ಹೇಳಿತು. ಹಣ ಯಾವ ಕಪಾಟಿನಲ್ಲಿದೆ ಎಂಬುದು ಎಷ್ಟು ಮುಖ್ಯ ಎಂದು ತಿಳಿಯಲು ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಳವಾದ ನಾಣ್ಯದ ನಷ್ಟವನ್ನು ಬೇರೆ ನಾಣ್ಯದ ಲಾಭದಿಂದ ಕಳೆಯಲೂ ತೆರಿಗೆ ಕಾನೂನು ಬಿಡುವುದಿಲ್ಲ.

ಕೊಳ್ಳಲು, ಮಾರಲು ಎಕ್ಸ್‌ಚೇಂಜ್ ಬಳಸಿ. ವರ್ಷಗಟ್ಟಲೆ ಇಡುವುದನ್ನು ನಿಮ್ಮದೇ ಹಾರ್ಡ್‌ವೇರ್ ವಾಲೆಟ್‌ಗೆ, ಅಂದರೆ ನಾಣ್ಯದ ಕೀಲಿಯನ್ನು ಇಂಟರ್ನೆಟ್ಟಿನಿಂದ ದೂರ ಇಡುವ ಪುಟ್ಟ ಸಾಧನಕ್ಕೆ, ತೆಗೆದುಕೊಳ್ಳಿ. ವಾಲೆಟನ್ನು ತಯಾರಕರ ಬಳಿಯೇ ಕೊಳ್ಳಿ, ಯಾರೋ ಬಳಸಿ ಮಾರಿದ್ದು ಬೇಡ. ನಿಮ್ಮ ಒಂದು ವಾಲೆಟ್‌ನಿಂದ ನಿಮ್ಮದೇ ಇನ್ನೊಂದಕ್ಕೆ ಸಾಗಿಸಿದರೆ ಮಾಲೀಕರು ಬದಲಾಗುವುದಿಲ್ಲ, ಲಾಭದ ತೆರಿಗೆಯೂ ಇಲ್ಲ. ಸಾಗಿಸಿದ ದಾಖಲೆ ಮಾತ್ರ ಇಟ್ಟುಕೊಳ್ಳಿ.

10. ಹನ್ನೆರಡು ಪದಗಳನ್ನು ಕಾಗದದ ಮೇಲೆ ಬರೆದಿಡಿ

ವಾಲೆಟ್ ಶುರುಮಾಡುವಾಗ 12 ಅಥವಾ 24 ಪದಗಳ ಸರಣಿಯೊಂದನ್ನು ಅದು ತೋರಿಸುತ್ತದೆ. ಆ ಪದಗಳು ಯಾರ ಕೈಯಲ್ಲಿವೆಯೋ ಹಣ ಅವರದು. ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ, ಇಮೇಲ್‌ನಲ್ಲಿ ಇಡಬೇಡಿ. ‘ಕಸ್ಟಮರ್ ಕೇರ್’ ಎಂದು ಯಾರು ಕೇಳಿದರೂ ಅವರು ಕಳ್ಳರು. ಇದಕ್ಕೆ ಅಪವಾದ ಇಲ್ಲ. ಎರಡು ಪ್ರತಿ ಬರೆದು ಎರಡು ಕಡೆ ಇಡಿ. ಒಂದು ಲಾಕರಿನಲ್ಲಿದ್ದರೆ ಒಳ್ಳೆಯದು. ಬ್ರಿಟನ್ನಿನ ನ್ಯೂಪೋರ್ಟ್ ನಗರದ ಒಬ್ಬರ ಸುಮಾರು 8,000 ಬಿಟ್‌ಕಾಯಿನ್ ಕೀಲಿ ಇದ್ದ ಹಾರ್ಡ್ ಡ್ರೈವ್ 2013ರಲ್ಲಿ ಕಸದ ರಾಶಿ ಸೇರಿತು. ಕಸದ ಗುಡ್ಡ ಅಗೆಯಲು ಅನುಮತಿ ಕೇಳಿ ವರ್ಷಗಟ್ಟಲೆ ಹೋರಾಡಿದರು. 2025ರ ಜನವರಿಯಲ್ಲಿ ಹೈಕೋರ್ಟ್ ಅವರ ದಾವೆಯನ್ನು ತಳ್ಳಿಹಾಕಿತು.

11. ಮೊದಲು ಸ್ವಲ್ಪ ಕಳಿಸಿ, ಆಮೇಲೆ ಪೂರ್ತಿ

ತಪ್ಪು ವಿಳಾಸಕ್ಕೆ ಹೋದ ನಾಣ್ಯವನ್ನು ಯಾವ ಬ್ಯಾಂಕ್ ಮ್ಯಾನೇಜರೂ ವಾಪಸ್ ತರಿಸಿಕೊಡಲಾರರು. ಒಂದೇ ನಾಣ್ಯ ಬೇರೆ ಬೇರೆ ಜಾಲಗಳಲ್ಲಿ ಓಡಾಡುತ್ತದೆ. ಕಳಿಸುವ ಜಾಲ, ಪಡೆಯುವ ಜಾಲ ಒಂದೇ ಆಗಿರಬೇಕು. ಹಳೆಯ ವ್ಯವಹಾರಗಳ ಪಟ್ಟಿಯಿಂದ ವಿಳಾಸ ನಕಲು ಮಾಡಬೇಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನಿಮ್ಮ ವಿಳಾಸದಂತೆಯೇ ಇರುವ ಖೋಟಾ ವಿಳಾಸದಿಂದ ಚಿಲ್ಲರೆ ಕಳಿಸಿ, ನೀವು ಅದನ್ನೇ ನಕಲು ಮಾಡಲೆಂದು ಕಾಯುವ ಕಳ್ಳರಿದ್ದಾರೆ. ನಡುವಿನ ಅಕ್ಷರಗಳನ್ನೂ ಓದಿ.

12. ನಿಮ್ಮ ಬ್ಯಾಂಕ್ ಖಾತೆ ಯಾರಿಗೂ ಬಾಡಿಗೆಗಿಲ್ಲ

ಹೆಚ್ಚು ಕಳವಳದಿಂದ ಬರೆಯುತ್ತಿರುವ ಸೂತ್ರ ಇದು. ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟ, ಪಿ2ಪಿ ಎನ್ನುವುದು, ಮೇಲ್ನೋಟಕ್ಕೆ ಸರಳ. ನೀವು ಟೆಲಿಗ್ರಾಮ್‌ನಲ್ಲಿ ಪರಿಚಯವಾದವರಿಗೆ ಡಾಲರ್ ಬೆಲೆಗೆ ಕಟ್ಟಿದ ನಾಣ್ಯವಾದ ಯುಎಸ್‌ಡಿಟಿ ಕೊಡುತ್ತೀರಿ, ಅವರು ನಿಮ್ಮ ಖಾತೆಗೆ ರೂಪಾಯಿ ಹಾಕುತ್ತಾರೆ. ದರವೂ ಮಾರುಕಟ್ಟೆಗಿಂತ ಒಂದೆರಡು ರೂಪಾಯಿ ಹೆಚ್ಚು. ಏಕೆ ಹೆಚ್ಚು ಕೊಡುತ್ತಾರೆ ಎಂದು ಕೇಳಿಕೊಳ್ಳಿ. ಅನೇಕ ಸಲ ಆ ರೂಪಾಯಿ ಇನ್ಯಾವುದೋ ರಾಜ್ಯದಲ್ಲಿ ನಿವೃತ್ತ ಮೇಷ್ಟ್ರೊಬ್ಬರನ್ನು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಕಿತ್ತ ಹಣ. ಅವರು ದೂರು ಕೊಟ್ಟ ಕೂಡಲೇ ಹಣದ ಜಾಡು ಹಿಡಿದು ಪೊಲೀಸರು ನಿಮ್ಮ ಖಾತೆಯನ್ನು ಫ್ರೀಜ್ ಮಾಡಿಸುತ್ತಾರೆ. ನಿಮ್ಮ ಸಂಬಳ, ಇಎಂಐ, ಮನೆ ಖರ್ಚು ಅದೇ ಖಾತೆಯಲ್ಲಿ ನಿಂತುಹೋಗುತ್ತದೆ. ದೂರು ದಾಖಲಾದ ಊರಿನ ಠಾಣೆಗೆ ಅಲೆಯಬೇಕು.

ಇದಕ್ಕಿಂತ ಘೋರ ಇನ್ನೊಂದಿದೆ. ‘ಖಾತೆ ಕೊಡು, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಹತ್ತು ಸಾವಿರ ಕೊಡುತ್ತೇವೆ’ ಎಂದು ಕಾಲೇಜು ಮಕ್ಕಳ ಬೆನ್ನು ಹತ್ತುವವರು. ಕದ್ದ ರೂಪಾಯಿ ಆ ಖಾತೆಗೆ ಬಂದು, ಕ್ರಿಪ್ಟೊ ಆಗಿ ದೇಶ ದಾಟುತ್ತದೆ. ಆರೋಪಿಯ ಪಟ್ಟಿಯಲ್ಲಿ ಉಳಿಯುವುದು ಖಾತೆ ಕೊಟ್ಟ ಹುಡುಗನ ಹೆಸರು. ಅವನ ನೌಕರಿ, ಪಾಸ್‌ಪೋರ್ಟ್ ಎರಡಕ್ಕೂ ಅದು ಕುತ್ತು. ತಂದೆತಾಯಿ, ಉಪನ್ಯಾಸಕರು ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು.

13. ತಿಂಗಳಿಗೆ ಇಷ್ಟು ಖಚಿತ ಎಂದವರಿಂದ ಎದ್ದುಬನ್ನಿ

ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ 2015ರ ಸುಮಾರಿಗೆ ಹೂಡಿಕೆದಾರರಿಗೆ ಕೊಟ್ಟ ಮಾತು: ತಿಂಗಳಿಗೆ ಶೇ 10ರಂತೆ 18 ತಿಂಗಳು. ದೇಶದುದ್ದಕ್ಕೂ ಜನ ಕಳೆದುಕೊಂಡರು. ಪ್ರಕರಣ ಸಿಬಿಐ ಕೈಗೆ ಹೋಯಿತು, 2025ರಲ್ಲೂ ದಾಳಿಗಳು ನಡೆದವು. ಹೊಸಬರನ್ನು ಸೇರಿಸಿದರೆ ಕಮಿಷನ್, ಸ್ಟಾರ್ ಹೋಟೆಲಿನಲ್ಲಿ ಸಭೆ, ವಿದೇಶ ಪ್ರವಾಸದ ಆಮಿಷ ಕಂಡರೆ ಅದು ಕ್ರಿಪ್ಟೊ ಹೆಸರು ಹೊತ್ತ ಹಳೆಯ ಸರಣಿ ವಂಚನೆ.

ಈಚಿನದು ಖೋಟಾ ಆ್ಯಪ್. ಮೊದಲು ಹೋಟೆಲಿಗೆ ರೇಟಿಂಗ್ ಕೊಡುವ ಸಣ್ಣ ‘ಟಾಸ್ಕ್’, ಅದಕ್ಕೆ ನಿಜವಾಗಿ ನೂರಿನ್ನೂರು ರೂಪಾಯಿ. ಆಮೇಲೆ ಕ್ರಿಪ್ಟೊ ಹೂಡಿಕೆ. ಪರದೆಯ ಮೇಲೆ ಲಾಭ ಲಕ್ಷಕ್ಕೆ ಏರುತ್ತದೆ. ತೆಗೆಯಲು ಹೋದರೆ ‘ಮೊದಲು ಶೇ 30 ತೆರಿಗೆ ಕಟ್ಟಿ’ ಎನ್ನುತ್ತದೆ. ಇಲ್ಲಿ ವಂಚಕರು ಸಿಕ್ಕಿಬೀಳುತ್ತಾರೆ. ಆದಾಯ ತೆರಿಗೆಯನ್ನು ಯಾರೂ ಆ್ಯಪಿಗೆ ಕಟ್ಟುವುದಿಲ್ಲ. ಅದು ನಿಮ್ಮ ಪ್ಯಾನ್ ನಂಬರಿನ ಮೇಲೆ, ಇಲಾಖೆಯ ಪೋರ್ಟಲ್‌ನಲ್ಲಿ, ಸರ್ಕಾರದ ಖಾತೆಗೆ ಹೋಗುತ್ತದೆ. ಹಣ ತೆಗೆಯಲು ಹಣ ಕೇಳಿದ ಕ್ಷಣವೇ ಮುಂದಿನ ಒಂದು ರೂಪಾಯಿಯನ್ನೂ ಹಾಕಬೇಡಿ.

14. ರಿಟರ್ನ್ ಸಲ್ಲಿಸಿ, ಪ್ರತಿ ವ್ಯವಹಾರ ಬರೆದು ಸಲ್ಲಿಸಿ

ಕ್ರಿಪ್ಟೊ ಮಾರಿದವರಿಗೆ ಐಟಿಆರ್-1, ಐಟಿಆರ್-4 ಸಲ್ಲುವುದಿಲ್ಲ. ಐಟಿಆರ್-2 ಅಥವಾ, ವ್ಯಾಪಾರದ ಆದಾಯವಿದ್ದರೆ, ಐಟಿಆರ್-3 ಹಾಕಬೇಕು. ಅದರಲ್ಲಿ ವಿಡಿಎ (ವರ್ಚುವಲ್ ಡಿಜಿಟಲ್ ಆಸ್ತಿ) ಎಂಬ ಪ್ರತ್ಯೇಕ ಪಟ್ಟಿ ಇದೆ: ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ. ವರ್ಷದ ಕೊನೆಗೆ ನೆನಪು ಮಾಡಿಕೊಂಡು ತುಂಬುವ ಪಟ್ಟಿ ಇದಲ್ಲ. ಇವತ್ತೇ ಒಂದು ಎಕ್ಸೆಲ್ ಹಾಳೆ ಶುರುಮಾಡಿ. ಪ್ರತಿ ಮೂರು ತಿಂಗಳಿಗೊಮ್ಮೆ ಎಕ್ಸ್‌ಚೇಂಜ್‌ನಿಂದ ವರದಿ ಇಳಿಸಿಕೊಳ್ಳಿ. ಸಂಸ್ಥೆ ಮುಚ್ಚಿದ ಮೇಲೆ ವರದಿ ಸಿಗುವುದಿಲ್ಲ, ಕೊಂಡ ಬೆಲೆಗೆ ಸಾಕ್ಷಿ ಇಲ್ಲದಿದ್ದರೆ ಅದನ್ನು ಕಳೆಯುವುದೇ ಕಷ್ಟ.

ಇಲಾಖೆಗೆ ಗೊತ್ತಾಗುವುದಿಲ್ಲ ಎಂಬ ಕಾಲ ಮುಗಿಯಿತು. ಟಿಡಿಎಸ್ ಪಟ್ಟಿಯನ್ನೂ ರಿಟರ್ನನ್ನೂ ಪಕ್ಕಪಕ್ಕ ಇಟ್ಟು, ಹೊಂದದವರಿಗೆ ಇಲಾಖೆ 2025ರಲ್ಲಿ ಇಮೇಲ್ ಕಳಿಸಿತು. ಅಡಗಿಸಿದ ಕ್ರಿಪ್ಟೊ, ಶೋಧದಲ್ಲಿ ಸಿಕ್ಕರೆ ಅಘೋಷಿತ ಆದಾಯದ ಲೆಕ್ಕಕ್ಕೆ ಸೇರುತ್ತದೆ. ದೇಶದೇಶಗಳ ನಡುವೆ ಕ್ರಿಪ್ಟೊ ಮಾಹಿತಿ ಹಂಚಿಕೊಳ್ಳುವ ಏರ್ಪಾಡಿಗೂ ಭಾರತ ಸಜ್ಜಾಗುತ್ತಿದೆ.

15. ಹೊರದೇಶದಲ್ಲಿದ್ದರೆ ಎರಡೂ ಕಡೆಯ ನಿಯಮ ನೋಡಿ

ಅಮೆರಿಕದ ಕನ್ನಡಿಗರಿಗೆ ಲೆಕ್ಕ ಬೇರೆ. 2014ರಿಂದ ಅಲ್ಲಿ ಕ್ರಿಪ್ಟೊಗೆ ಆಸ್ತಿಯ ತೆರಿಗೆ. ವರ್ಷ ಮೀರಿ ಇಟ್ಟುಕೊಂಡರೆ ದರ ಕಡಿಮೆ, ನಷ್ಟ ಕಳೆಯುವ ಅವಕಾಶವೂ ಇದೆ. 2025ರ ವ್ಯವಹಾರಗಳಿಂದ ಬ್ರೋಕರ್‌ಗಳು 1099-ಡಿಎ ನಮೂನೆಯಲ್ಲಿ ವರದಿ ಮಾಡುತ್ತಿದ್ದಾರೆ. ಗ್ರೀನ್ ಕಾರ್ಡ್ ಇಟ್ಟುಕೊಂಡೇ ಮೈಸೂರಿಗೆ ಬಂದು ನೆಲೆಸಿದವರು ಅಲ್ಲಿಗೂ ಲೆಕ್ಕ ಕೊಡಬೇಕು. ದುಬೈಯಲ್ಲಿ ವೈಯಕ್ತಿಕ ಆದಾಯಕ್ಕೆ ತೆರಿಗೆ ಇಲ್ಲ. ಮಂಗಳೂರಿಗೆ ಮರಳಿ ಇಲ್ಲಿನ ಪೂರ್ಣ ನಿವಾಸಿಯಾದ ಮೇಲೆ ಮಾರಿದರೆ ಶೇ 30 ಕಾದಿದೆ. ಹಿಂತಿರುಗುವ ಟಿಕೆಟ್ ಮಾಡಿಸುವ ಮೊದಲು ತೆರಿಗೆ ಸಲಹೆಗಾರರನ್ನು ಕಾಣಿ. ಊರಿಗೆ ಹಣ ಕಳಿಸುವುದು ಬ್ಯಾಂಕ್ ಮೂಲಕವೇ ಇರಲಿ. ಕ್ರಿಪ್ಟೊ ದಾರಿಯಲ್ಲಿ ವಿದೇಶಿ ವಿನಿಮಯ ಕಾನೂನಿನ ತೊಡಕೂ ಇದೆ, ಹನ್ನೆರಡನೇ ಸೂತ್ರದ ಅಪಾಯವೂ ಇದೆ.

16. ಮನೆಯವರಿಗೆ ಹೇಳಿ

ಎಷ್ಟಿದೆ, ಎಲ್ಲಿದೆ, ಆ ಪದಗಳ ಕಾಗದ ಯಾವ ಲಾಕರಿನಲ್ಲಿದೆ, ಯಾವ ಸಿಎ ಲೆಕ್ಕ ನೋಡುತ್ತಾರೆ. ಹೆಂಡತಿಗೋ ಗಂಡನಿಗೋ ಒಡಹುಟ್ಟಿದವರಿಗೋ ಇಷ್ಟು ತಿಳಿದಿರಬೇಕು. ಬ್ಯಾಂಕಿನಲ್ಲಾದರೆ ಮರಣಪತ್ರ ತೋರಿಸಿ ಹಣ ಕೇಳಬಹುದು. ಖಾಸಗಿ ವಾಲೆಟ್‌ನ ಪದಗಳು ನಿಮ್ಮೊಂದಿಗೇ ಹೋದರೆ ಆ ಹಣವನ್ನು ಯಾವ ನ್ಯಾಯಾಲಯವೂ ತೆಗೆದುಕೊಡಲಾರದು.

ಮನೆಯವರಿಗೆ ಹೇಳದೆ ಮಾಡಿದ ಹೂಡಿಕೆಯಲ್ಲೇ ಮೋಸವೂ ಹೆಚ್ಚು ಕಾಲ ನಡೆಯುತ್ತದೆ, ನಾಚಿಕೆಯಿಂದ ಬಾಯಿ ಬಿಡದಿರುವುದರಿಂದ. ನೀವೋ ನಿಮ್ಮವರೋ ಹಣ ಕಳೆದುಕೊಂಡಿದ್ದರೆ ದಯವಿಟ್ಟು ಯಾರೇನು ಅಂದುಕೊಳ್ಳುತ್ತಾರೋ ಎಂದು ಕಾಯಬೇಡಿ. ಆ ಕ್ಷಣವೇ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ವ್ಯವಹಾರದ ಸಂಖ್ಯೆ ಮತ್ತು ವಾಲೆಟ್ ವಿಳಾಸ ಕೊಡಿ. ರೂಪಾಯಿ ಇನ್ನೂ ಬ್ಯಾಂಕಿನೊಳಗೇ ಇದ್ದರೆ ತಡೆಹಿಡಿಯಬಹುದು. ಕ್ರಿಪ್ಟೊ ಆಗಿ ದೇಶ ದಾಟಿದ ಮೇಲೆ ಹಿಂದಕ್ಕೆ ತರುವುದು ಬಹಳ ಕಷ್ಟ.